ಬಿಸಿಲು ಅಂತ ಟೈರ್ ಗಾಳಿ ಇಳಿಸ್ಬೇಡಿ

ಮಂಡ್ಯದಲ್ಲಿ ಟ್ಯಾಕ್ಸಿ, ಸ್ಕೂಲ್ ವ್ಯಾನ್ ಓಡಿಸೋರ ಮುಂದೆ ಆಡಿದ ಮಾತು. ಮಾತಾಡಿದವರು ಟೈರ್ ಮತ್ತೆ ವೀಲ್ ಅಲೈನ್ಮೆಂಟ್ ಕೆಲಸದವರು. ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿದ್ದು.

ಒಳಗೆ ಬರೋವಾಗ ಗೇಟ್ ಪಕ್ಕ ಒಂದು ಬಿಳಿ ಕಾರು ನಿಂತಿತ್ತಲ್ಲ, ಅದು ನಂದೇ, ಬೇಕು ಅಂತಾನೇ ಅಲ್ಲಿ ನಿಲ್ಸಿದ್ದೀನಿ. ಮೂರು ಟೈರಲ್ಲಿ 33 ಪಾಯಿಂಟ್, ಅಂದ್ರೆ 33 ಪಿಎಸ್‌ಐ ಗಾಳಿ ಇದೆ, ಒಂದರಲ್ಲಿ ಮಾತ್ರ 25. ಯಾವುದ್ರಲ್ಲಿ ಕಮ್ಮಿ ಅಂತ ಯಾರಾದ್ರೂ ಹೇಳಿ ನೋಡೋಣ. ಇಪ್ಪತ್ತು ಮೂವತ್ತು ವರ್ಷ ಸ್ಟೇರಿಂಗ್ ಹಿಡ್ದಿರೋರು ಇದ್ದೀರಿ ಇಲ್ಲಿ, ಅದರ ಪಕ್ಕದಲ್ಲೇ ನಡ್ಕೊಂಡು ಬಂದ್ರಿ, ಒಬ್ರೂ ಬಾಯಿ ಬಿಡ್ತಿಲ್ಲ. ಗೊತ್ತಾಗಲ್ಲ ಕಣ್ರೀ, ನಂಗೂ ಗೊತ್ತಾಗಲ್ಲ. ಈಗಿನ ಕಾರಲ್ಲಿ ಬರೋದೆಲ್ಲ ರೇಡಿಯಲ್ ಟೈರು, ಅದರ ಪಕ್ಕದ ಗೋಡೆ ಮೆತ್ತಗಿರುತ್ತೆ, ಗಾಳಿ ಸರಿಯಾಗಿದ್ರೂ ಕೆಳಗಡೆ ಒಂಚೂರು ಉಬ್ಬಿದಂಗೇ ಕಾಣುತ್ತೆ. ಹಳೇ ಲಾರಿ ಟೈರ್ ನೋಡಿ ಬೆಳೆದ ಕಣ್ಣು ಇಲ್ಲಿ ಕೆಲ್ಸಕ್ಕೆ ಬರಲ್ಲ. ಕಾಲಲ್ಲಿ ಒದ್ದು ನೋಡೋದೂ ಅಷ್ಟೇ, ಪೂರ್ತಿ ಇಳಿದು ಕೂತಿದ್ರೆ ಗೊತ್ತಾಗುತ್ತೆ, ಎಂಟು ಪಾಯಿಂಟ್ ಕಮ್ಮಿ ಇದ್ರೆ ಗೊತ್ತಾಗಲ್ಲ. ಪ್ರಾಣಕ್ಕೆ ಬರೋದು ಆ ಎಂಟು ಪಾಯಿಂಟೇ. ಪೂರ್ತಿ ಇಳಿದಿರೋ ಟೈರನ್ನ ಯಾರೂ ಓಡ್ಸಲ್ಲ, ಎಂಟು ಕಮ್ಮಿ ಇರೋದನ್ನ ಊರೆಲ್ಲ ಓಡಿಸ್ತೀವಿ.

ಈಗ ಗಾಳಿ ಏನು ಮಾಡುತ್ತೆ ನೋಡೋಣ. ಗಾಡಿ ಭಾರ ಹೊರೋದು ರಬ್ಬರ್ ಅನ್ಕೊಂಡಿದ್ದೀವಿ, ಮುಕ್ಕಾಲುವಾಸಿಗಿಂತ ಜಾಸ್ತಿ ಹೊರೋದು ಒಳಗಿರೋ ಗಾಳಿ. ಒಂದು ಸಣ್ಣ ಲೆಕ್ಕ ಹಾಕಿ. ಐದು ಜನ ಕೂತಿರೋ ಸಣ್ಣ ಕಾರು ಸುಮಾರು 1400 ಕೆಜಿ, ಒಂದು ಚಕ್ರಕ್ಕೆ 350 ಕೆಜಿ. 33 ಪಾಯಿಂಟ್ ಅಂದ್ರೆ ಒಂದು ಚದರ ಸೆಂಟಿಮೀಟರ್‌ಗೆ ಸುಮಾರು 2.3 ಕೆಜಿ ಒತ್ತಡ. ಭಾಗಿಸಿದ್ರೆ 150 ಚದರ ಸೆಂಟಿಮೀಟರ್ ಬರುತ್ತೆ, ಅಂದ್ರೆ ಹನ್ನೆರಡು ಸೆಂಟಿಮೀಟರ್ ಉದ್ದ, ಹೆಚ್ಚುಕಮ್ಮಿ ಅಷ್ಟೇ ಅಗಲ. ರೋಡಿಗೂ ನಿಮ್ಮ ಗಾಡಿಗೂ ಇರೋ ಸಂಬಂಧ ಒಂದೊಂದು ಚಕ್ರದಲ್ಲಿ ಅಷ್ಟೇ. ಬ್ರೇಕ್ ಹಿಡಿಯೋದು, ತಿರುಗೋದು, ನಿಲ್ಲೋದು ಎಲ್ಲ ಅಷ್ಟರಲ್ಲೇ ಆಗ್ಬೇಕು. ಗಾಳಿ ಕಮ್ಮಿ ಆದ್ರೆ ಆ ಜಾಗ ದೊಡ್ಡದಾಗುತ್ತಲ್ಲ, ಗ್ರಿಪ್ ಜಾಸ್ತಿ ಆಗ್ಬೇಕಲ್ವಾ ಅಂತ ಕೆಲವ್ರು ಕೇಳ್ತಾರೆ. ಜಾಗ ದೊಡ್ಡದಾಗುತ್ತೆ ನಿಜ, ಆದ್ರೆ ಮಧ್ಯದ ಭಾಗ ಒಳಕ್ಕೆ ಹೋಗಿ ಭಾರ ಎಲ್ಲ ಎರಡೂ ಅಂಚಿನ ಮೇಲೆ ಕೂತ್ಕೊಳುತ್ತೆ. ಟೈರ್ ಎರಡೂ ಕಡೆ ಅಂಚು ಸವೆದು ನಡುವೆ ಹೊಸದರ ಥರ ಇದ್ರೆ ಆ ಗಾಡಿ ಕಮ್ಮಿ ಗಾಳೀಲೇ ಓಡಿದೆ ಅಂತ ಲೆಕ್ಕ, ಓನರ್ ಏನೇ ಹೇಳ್ಲಿ. ನಡುವೆ ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ರೆ ಅದು ಅಲೈನ್ಮೆಂಟ್ ತೊಂದ್ರೆ, ಆಗ ನನ್ನ ಅಂಗಡಿಗೆ ಬನ್ನಿ.

ಗಾಳಿ ಕಮ್ಮಿ ಇರೋ ಟೈರು ಯಾಕೆ ಒಡೆಯುತ್ತೆ ಅನ್ನೋದು ಮುಖ್ಯ. ಸೆಂಟ್ರಿಂಗ್ ಕೆಲಸದವ್ರು ಕಟ್ಟೋ ತಂತೀನ ಕೈಯಲ್ಲೇ ಆಕಡೆ ಈಕಡೆ ಬಗ್ಗಿಸಿ ಮುರೀತಾರೆ ನೋಡಿ, ಮುರಿದ ಜಾಗ ಮುಟ್ಟಿದ್ರೆ ಸುಡುತ್ತೆ. ಟೈರ್ ಪಕ್ಕದ ಗೋಡೆ, ಅಂದ್ರೆ ಸೈಡ್‌ವಾಲಲ್ಲೂ ಅದೇ ಆಗ್ತಿರೋದು. ಚಕ್ರ ಒಂದು ಸುತ್ತು ತಿರುಗಿದ್ರೆ ಸೈಡ್‌ವಾಲಿನ ಪ್ರತಿ ಜಾಗ ಒಂದ್ಸಲ ರೋಡ್ ಹತ್ರ ಬಂದು ಬಗ್ಗಿ ಮತ್ತೆ ನೆಟ್ಟಗಾಗುತ್ತೆ. 185/65 ಆರ್15 ಟೈರು, ನಿಮ್ಮಲ್ಲಿ ತುಂಬಾ ಜನದ ಗಾಡೀಲಿ ಇರೋದೇ, ಅದು ಒಂದು ಸುತ್ತಿಗೆ ಎರಡು ಮೀಟರ್‌ಗೆ ಸ್ವಲ್ಪ ಕಮ್ಮಿ ಹೋಗುತ್ತೆ. 100 ಸ್ಪೀಡಲ್ಲಿ ಸೆಕೆಂಡಿಗೆ 14 ಸಲ ತಿರುಗುತ್ತೆ. ಇಲ್ಲಿಂದ ಬೆಂಗ್ಳೂರು ಸುಮಾರು 100 ಕಿಲೋಮೀಟರ್ ಅಂದ್ರೆ ಐವತ್ತು ಸಾವಿರ ಸಲ ಬಗ್ಗಿತು ಅಂತ ಆಯ್ತು. ಗಾಳಿ ಸರಿ ಇದ್ರೆ ಬಗ್ಗೋದು ಸ್ವಲ್ಪ, ಬಿಸಿ ಆದ್ರೂ ಗಾಳಿಗೆ ಆರ್ತಾ ಹೋಗುತ್ತೆ. ಕಮ್ಮಿ ಇದ್ರೆ ಪ್ರತಿ ಸಲ ಜಾಸ್ತಿ ಬಗ್ಗುತ್ತೆ, ಬಿಸಿ ಆರೋಕೆ ಟೈಮೇ ಸಿಗಲ್ಲ, ಒಳಗಿರೋ ನೂಲಿಗೂ ರಬ್ಬರಿಗೂ ಇರೋ ಹಿಡಿತ ಬಿಡ್ತಾ ಬರುತ್ತೆ. ಒಂದು ಹಂತ ದಾಟಿದ್ ಮೇಲೆ ಸೈಡ್‌ವಾಲ್ ಹರಿಯುತ್ತೆ, ಇಲ್ಲಾಂದ್ರೆ ಮೇಲಿನ ಪಟ್ಟಿಯೇ ಕಿತ್ಕೊಂಡು ಬರುತ್ತೆ. ಹೊರಗಿನಿಂದ ನೋಡೋರಿಗೆ ಅದು "ಢಮಾರ್ ಅಂತ ಒಡೀತು", ಅಷ್ಟೇ.

ಮುಂಚೆ ಈ ತೊಂದ್ರೆ ಇರ್ಲಿಲ್ವಾ ಅಂದ್ರೆ ಇತ್ತು, ಆದ್ರೆ ರೋಡೇ ನಮ್ಮನ್ನ ಕಾಪಾಡ್ತಿತ್ತು. ಹಳೇ ಮೈಸೂರು ರೋಡಲ್ಲಿ ಮದ್ದೂರಲ್ಲಿ ವಡೆಗೆ ನಿಲ್ಲಿಸ್ತಿದ್ವಿ, ಚನ್ನಪಟ್ಟಣದಲ್ಲಿ ಟ್ರಾಫಿಕ್ಕು, ರಾಮನಗರದಲ್ಲಿ ಹಂಪು, ಬಿಡದೀಲಿ ತಟ್ಟೆ ಇಡ್ಲಿ. ನಿಂತು ನಿಂತು ಹೋಗೋದ್ರಲ್ಲಿ ಟೈರು ತಣ್ಣಗಾಗ್ತಿತ್ತು. 2023ರ ಮಾರ್ಚ್ 12ಕ್ಕೆ ನಮ್ಮ ಗೆಜ್ಜಲಗೆರೇಲೇ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತಲ್ಲ, ಆಮೇಲೆ ಎಲ್ಲಾ ಊರಿಗೂ ಬೈಪಾಸು, ಒಂದೂ ಕಡೆ ಕಾಲು ತೆಗೆಯೋ ಹಂಗಿಲ್ಲ, ಒಂದು ಗಂಟೆ ಪೂರ್ತಿ 100ರಲ್ಲೇ, ಕ್ಯಾಮೆರಾ ಇಲ್ಲದ ಕಡೆ ಎಷ್ಟು ಅಂತ ನೀವೇ ಹೇಳ್ಬೇಕು. ರೋಡ್ ಬದಲಾಯ್ತು, ಟೈರ್ ನೋಡ್ಕೊಳೋ ನಮ್ಮ ಅಭ್ಯಾಸ ಹಳೇ ರೋಡಿಂದೇ ಉಳ್ಕೊಂಡಿದೆ.

ಈಗ ನಾನು ಇವತ್ತು ಬಂದಿರೋದೇ ಯಾವ ವಿಷ್ಯಕ್ಕೋ ಅಲ್ಲಿಗೆ ಬರ್ತೀನಿ. ಮಾರ್ಚ್ ಬಂತು ಅಂದ್ರೆ ಅಂಗಡೀಲಿ ಒಂದೇ ಮಾತು, "ಅಣ್ಣ, ಬಿಸ್ಲು ಜಾಸ್ತಿ ಅದೆ, ಗಾಳಿ ಎರಡು ಪಾಯಿಂಟ್ ಕಮ್ಮಿ ಹೊಡಿ, ಇಲ್ಲಾಂದ್ರೆ ಹೊಡ್ದೋಯ್ತದೆ." ಹೇಳೋರು ಅವರಪ್ಪ ಹೇಳಿದ್ದನ್ನ ಹೇಳ್ತಾರೆ, ಅವರಪ್ಪನಿಗೆ ಯಾರೋ ಲಾರಿ ಡ್ರೈವರ್ ಹೇಳಿರ್ತಾನೆ. ಕೇಳೋಕೆ ಸರಿ ಅನ್ಸುತ್ತೆ, ಬಿಸಿ ಆದ್ರೆ ಗಾಳಿ ಹಿಗ್ಗುತ್ತೆ, ಹಿಗ್ಗಿದ್ರೆ ಒಡೆಯುತ್ತೆ. ಮೊದಲರ್ಧ ನಿಜ. ಎಷ್ಟು ಹಿಗ್ಗುತ್ತೆ ಅಂತ ಯಾರೂ ಲೆಕ್ಕ ಹಾಕಿಲ್ಲ, ಅದು ಸ್ಕೂಲಲ್ಲಿ ಓದಿರೋ ಲೆಕ್ಕವೇ.

ಬೆಳಗ್ಗೆ ಆರು ಗಂಟೆ, 22 ಡಿಗ್ರಿ ಇದೆ, ನೀವು 33 ಹೊಡ್ಸಿದ್ರಿ. ಮಧ್ಯಾಹ್ನ ಹೈವೇಲಿ ಓಡಿ ಟೈರ್ ಒಳಗಿನ ಗಾಳಿ 60 ಡಿಗ್ರಿ ಆಯ್ತು ಅನ್ಕೊಳಿ. ಆಗ ಗೇಜಲ್ಲಿ ಎಷ್ಟು ತೋರ್ಸುತ್ತೆ? ಸುಮಾರು 39. ಆರು ಪಾಯಿಂಟ್ ಏರಿತು. ಐದಾರು ಡಿಗ್ರಿಗೆ ಒಂದು ಪಾಯಿಂಟ್ ಅಂತ ತಲೇಲಿ ಇಟ್ಕೊಂಡ್ರೆ ಸಾಕು. ಈಗ ನಿಮ್ಮ ಟೈರ್ ಪಕ್ಕದಲ್ಲಿ ಏನು ಬರ್ದಿದ್ದಾರೆ ನೋಡಿ, ಮ್ಯಾಕ್ಸ್ ಪ್ರೆಶರ್ 44 ಅಥ್ವಾ 51 ಅಂತ ಇರುತ್ತೆ, ಅದೂ ತಣ್ಣಗಿರೋವಾಗಿನ ಲೆಕ್ಕ. ಏಟು ಬೀಳದ ಒಳ್ಳೇ ಕಾರ್ ಟೈರ್ ಬರೀ ಗಾಳಿ ಜಾಸ್ತಿ ಆಗಿ ಒಡೀಬೇಕು ಅಂದ್ರೆ 100 ದಾಟಿ ಇನ್ನೂ ಎಷ್ಟೋ ಮೇಲೆ ಹೋಗ್ಬೇಕು. 39 ಅದಕ್ಕೆ ಲೆಕ್ಕಕ್ಕೇ ಇಲ್ಲ. ಬಿಸಿಲಲ್ಲಿ ಏರೋ ಆರು ಪಾಯಿಂಟನ್ನ ಕಂಪ್ನಿಯವ್ರು ಮೊದಲೇ ಲೆಕ್ಕಕ್ಕೆ ಹಿಡಿದು 33 ಅಂತ ಬರ್ದಿರ್ತಾರೆ.

ಇನ್ನೊಂದು ಕಡೆಯಿಂದ ನೋಡಿ. ಬಿಡದಿ ಹತ್ರ ಪಂಪಲ್ಲಿ ನಿಲ್ಸಿ ಬಿಸಿ ಟೈರಿಗೆ ಗೇಜ್ ಇಟ್ರಿ, 39 ತೋರಿಸ್ತು, ಗಾಬ್ರಿಯಾಗಿ 33ಕ್ಕೆ ಇಳಿಸಿದ್ರಿ. ರಾತ್ರಿ ಗಾಡಿ ಮನೆ ಮುಂದೆ ನಿಂತು ತಣ್ಣಗಾಯ್ತು. ಬೆಳಗ್ಗೆ ನೋಡಿದ್ರೆ ಅದರಲ್ಲಿ 27, 28 ಇರುತ್ತೆ. ಐದು ಪಾಯಿಂಟ್ ಹೋಯ್ತು, ಪಂಚರೂ ಆಗಿಲ್ಲ. ಅವತ್ತೇ ಫ್ಯಾಮಿಲಿ ಕಟ್ಕೊಂಡು ಡಿಕ್ಕಿ ತುಂಬಿಸಿ ಮಾದಪ್ಪನ ಬೆಟ್ಟಕ್ಕೋ ಧರ್ಮಸ್ಥಳಕ್ಕೋ ಹೊರಟ್ರೆ, ಕಮ್ಮಿ ಗಾಳಿ, ಜಾಸ್ತಿ ಭಾರ, ಬಿಸಿಲು, ಸ್ಪೀಡು, ನಾಲ್ಕೂ ಒಂದೇ ದಿನ ಕೂಡ್ತು. ಅವತ್ತು ಒಡೆದ್ರೆ ಜನ ಏನಂತಾರೆ, "ನೋಡಿದ್ರಾ, ಬಿಸ್ಲಿಗೆ ಹೊಡ್ದೋಯ್ತು, ಇನ್ನೂ ಎರಡು ಪಾಯಿಂಟ್ ಇಳ್ಸಬೇಕಿತ್ತು". ಹಿಂಗೆ ಆ ಮಾತು ಇನ್ನೂ ಬದುಕಿದೆ.

ಈ ನಾಲ್ಕೂ ಸೇರಿದ್ರೆ ಏನಾಗುತ್ತೆ ಅಂತ ಅಮೆರಿಕದವ್ರು ದೊಡ್ಡ ಮಟ್ಟದಲ್ಲಿ ನೋಡಿದ್ದಾರೆ. 2000ನೇ ಇಸವಿ ಆಗಸ್ಟಲ್ಲಿ ಫೈರ್‌ಸ್ಟೋನ್ ಕಂಪ್ನಿ 65 ಲಕ್ಷ ಟೈರ್ ವಾಪಸ್ ಕರೀತು, ಜಾಸ್ತಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗೆ ಹಾಕಿದ್ದು. ಓಡ್ತಾ ಇರೋವಾಗಲೇ ಮೇಲಿನ ಪಟ್ಟಿ ಕಿತ್ಕೊಂಡು ಬಂದು ಗಾಡಿ ಪಲ್ಟಿ ಹೊಡೀತಿತ್ತು, ತುಂಬಾ ಜನ ಸತ್ರು. ಟೈರ್ ತಯಾರಿಕೇಲೂ ದೋಷ ಇತ್ತು, ಬರೀ ಗಾಳಿ ಮೇಲೆ ಹಾಕೋದು ತಪ್ಪಾಗುತ್ತೆ. ಆದ್ರೆ ಫೋರ್ಡ್‌ನವ್ರು ಆ ಗಾಡಿಗೆ 26 ಪಾಯಿಂಟ್ ಸಾಕು ಅಂತ ಹೇಳಿದ್ರು, ಟೈರ್‌ನವ್ರು ಆಮೇಲೆ 30 ಇರ್ಬೇಕು ಅಂದ್ರು, ಕೇಸುಗಳು ಜಾಸ್ತಿ ಬಂದಿದ್ದು ಟೆಕ್ಸಾಸ್, ಅರಿಝೋನಾ, ಫ್ಲಾರಿಡಾದಂಥ ಬಿಸಿಲು ರಾಜ್ಯಗಳಲ್ಲಿ. ಅದಾದ್ ಮೇಲೆ ಅದೇ ವರ್ಷ ಅಲ್ಲಿ ಕಾನೂನು ಬಂತು, ಹೊಸ ಕಾರಲ್ಲಿ ಗಾಳಿ ಕಮ್ಮಿ ಆದ್ರೆ ಡ್ಯಾಶ್‌ಬೋರ್ಡಲ್ಲಿ ಲೈಟ್ ಬರ್ಲೇಬೇಕು ಅಂತ. ಈಗ ನಮ್ಮ ಕಾರಲ್ಲೂ ಟಿಪಿಎಂಎಸ್ ಅಂತ ಬರ್ತಿರೋದು ಅದೇ. ಅದನ್ನ ನಂಬಿ ಕೂರ್ಬೇಡಿ ಅಂತ ಯಾಕೆ ಹೇಳ್ತೀನಿ ಅಂದ್ರೆ, ಅಮೆರಿಕದ ನಿಯಮದಲ್ಲೇ ನೂರಕ್ಕೆ 25 ಭಾಗ ಇಳಿದಾಗ ಲೈಟ್ ಬಂದ್ರೆ ಸಾಕು ಅಂತಿದೆ. 33ರಲ್ಲಿ ಆ ಲೆಕ್ಕ ಹಾಕಿದ್ರೆ 25ಕ್ಕೆ ಇಳಿಯೋವರೆಗೂ ಅದು ಸುಮ್ನಿರ್ಬೋದು. ನಂಬರ್ ತೋರ್ಸೋ ಥರದ್ದಿದ್ರೆ ಬೆಳಗ್ಗೆ ಗಾಡಿ ತೆಗೆಯೋ ಮುಂಚೆ ನಂಬರ್ ನೋಡಿ, ಲೈಟಿಗೆ ಕಾಯ್ಬೇಡಿ.

ಅಂಗಡೀಲಿ ಒಂದು ವಿಷ್ಯ ನೋಡ್ತಿರ್ತೀನಿ, ನಿಮಗೂ ತೋರಿಸ್ಬೇಕು ಅಂತ ಈ ಹಳೇ ಟೈರ್ ತಂದಿದ್ದೀನಿ, ಮುಂದಿನ ಸಾಲಿನವ್ರು ಕೈ ಹಾಕಿ ನೋಡಿ ಹಿಂದಕ್ಕೆ ಪಾಸ್ ಮಾಡಿ. ಹೊರಗಡೆ ಏನೂ ಆಗಿಲ್ಲ, ಬಟನ್, ಅಂದ್ರೆ ರೋಡಿಗೆ ತಾಗೋ ಮೇಲಿನ ಅಚ್ಚು, ಎಲ್ಲ ಚೆನ್ನಾಗಿದೆ. ಒಳಗಡೆ ಬೆರಳಾಡಿಸಿ, ಕಪ್ಪು ಪುಡಿ ಬರುತ್ತಲ್ಲ, ಅದು ಮಣ್ಣಲ್ಲ, ಟೈರೇ ಅರೆದು ಬಂದಿರೋ ರಬ್ಬರ್ ಪುಡಿ. ಸೈಡ್‌ವಾಲ್ ಒಳಗೋಡೇಲಿ ಸುತ್ತಲೂ ಒಂದು ಪಟ್ಟಿ ಒರಟಾಗಿದೆ, ಒಂದು ಕಡೆ ನೂಲು ಕಾಣ್ತಿದೆ. ಪಂಚರ್ ಆದ್ ಮೇಲೂ "ಇಲ್ಲೇ ಹತ್ರ ಅಂಗಡಿ ಐತೆ" ಅಂತ ಓಡ್ಸಿದ್ದು. ಟ್ಯೂಬ್‌ಲೆಸ್ ಅಲ್ವಾ, ನಿಧಾನಕ್ಕೆ ಇಳಿಯುತ್ತೆ, ಓಡುತ್ತೆ ಅನ್ನೋ ಧೈರ್ಯ. ಆಮೇಲೆ ಪಂಚರ್ ಅಂಗಡಿಯವ್ರು ಟೈರ್ ಬಿಚ್ಚದೇ ಹೊರಗಿನಿಂದಲೇ ದಾರ ತುರುಕಿ ಗಾಳಿ ಹೊಡೆದು ಕಳಿಸ್ತಾರೆ. ಗಾಳಿ ನಿಲ್ಲುತ್ತೆ, ಎಲ್ಲ ಸರಿ ಆಯ್ತು ಅನ್ಸುತ್ತೆ, ಒಳಗಡೆ ಹಿಂಗಿದೆ. ಇಳಿದ ಟೈರಲ್ಲಿ ಓಡ್ಸಿದ್ರೆ ರಿಮ್ಮಿಂದ ಬಿಚ್ಚಿಸಿ ಒಳಗೆ ನೋಡಿಸ್ಲೇಬೇಕು. ಪುಡಿ ಕಂಡ್ರೆ ಆ ಟೈರ್ ಮುಗೀತು, ನನ್ನ ಜೊತೆ ಚೌಕಾಶಿ ಮಾಡ್ಬೇಡಿ.

ಮಳೇದು ಬೇಗ ಹೇಳ್ತೀನಿ. 1960ರ ದಶಕದಲ್ಲಿ ನಾಸಾದವ್ರು ವಿಮಾನದ ಟೈರ್ ಇಟ್ಕೊಂಡು, ನೀರು ನಿಂತ ರನ್‌ವೇಲಿ ಎಷ್ಟು ಸ್ಪೀಡಿಗೆ ಟೈರ್ ನೀರಿನ ಮೇಲೆ ತೇಲುತ್ತೆ ಅಂತ ಲೆಕ್ಕ ಕಂಡುಹಿಡಿದ್ರು, ಅದು ಮುಖ್ಯವಾಗಿ ಗಾಳಿ ಒತ್ತಡದ ಮೇಲೆ ನಿಂತಿದೆ. ಅದೇ ಸೂತ್ರ ಹಾಕಿದ್ರೆ 33 ಪಾಯಿಂಟಿಗೆ ಸುಮಾರು 95 ಕಿಲೋಮೀಟರ್ ಸ್ಪೀಡಲ್ಲಿ ತೇಲುತ್ತೆ, 25 ಪಾಯಿಂಟಿಗೆ 83ಕ್ಕೇ. ಕಾರ್ ಟೈರಲ್ಲಿ ಬಟನ್ ಎಷ್ಟಿದೆ, ನೀರು ಎಷ್ಟಿದೆ ಅನ್ನೋದ್ರ ಮೇಲೂ ಇರುತ್ತೆ, ಹಾಗಾಗಿ ನಂಬರ್ ಹಿಡ್ಕೊಂಡು ಜಗಳ ಆಡ್ಬೇಡಿ, ಯಾವ ಕಡೆಗೆ ಹೋಗುತ್ತೆ ಅನ್ನೋದು ನೋಡಿ. 2022ರ ಆಗಸ್ಟಲ್ಲಿ ರಾಮನಗರ ಹತ್ರ ಹೈವೇ ಮೇಲೇ ನೀರು ನಿಂತಿದ್ದು ಎಲ್ರೂ ಟೀವೀಲಿ ನೋಡಿದ್ದೀರಿ. ಒಂದ್ಸಲ ತೇಲಿತು ಅಂದ್ರೆ ಬ್ರೇಕೂ ಇಲ್ಲ ಸ್ಟೇರಿಂಗೂ ಇಲ್ಲ.

ಹಂಗಾದ್ರೆ ಎಷ್ಟು ಹೊಡಿಸ್ಬೇಕು? ಡ್ರೈವರ್ ಡೋರ್ ತೆಗೀರಿ, ಕಂಬದ ಮೇಲೆ ಸ್ಟಿಕರ್ ಇರುತ್ತೆ, ಕೆಲವು ಗಾಡೀಲಿ ಪೆಟ್ರೋಲ್ ಮುಚ್ಚಳದ ಒಳಗಿರುತ್ತೆ. ಮುಂದಕ್ಕೆ ಇಷ್ಟು ಹಿಂದಕ್ಕೆ ಇಷ್ಟು, ಇಬ್ರು ಮೂವರಿದ್ರೆ ಇಷ್ಟು, ಫುಲ್ ಲೋಡಿಗೆ ಇಷ್ಟು ಅಂತ ಬೇರೆ ಬೇರೆ ಬರ್ದಿರ್ತಾರೆ. ಟೈರ್ ಮೇಲೆ ಬರ್ದಿರೋ ಮ್ಯಾಕ್ಸ್ ಪ್ರೆಶರ್ ನಿಮ್ಮ ಗಾಡಿ ಲೆಕ್ಕ ಅಲ್ಲ, ಅದೇ ಟೈರ್ ಹತ್ತು ಥರದ ಗಾಡಿಗೆ ಹಾಕ್ತಾರೆ. ಕೆಪಿಎ ಅಂತ ಬರ್ದಿದ್ರೆ 230 ಅಂದ್ರೆ ನಮ್ಮ 33. ಸ್ಕೂಲ್ ವ್ಯಾನ್‌ನವ್ರು ಫುಲ್ ಲೋಡಿನ ಸಾಲು ನೋಡಿ, ಮಕ್ಕಳ ಜೊತೆ ಬ್ಯಾಗ್ ತೂಕಾನೂ ಸೇರ್ಸಿ, ಈಗಿನ ಬ್ಯಾಗ್ ಎತ್ತಿ ನೋಡಿದ್ದೀರಲ್ಲ. ಹಾಗಂತ ಮೈಲೇಜ್ ಬರುತ್ತೆ ಅಂತ 40, 42 ತುಂಬಿಸೋರೂ ಇಲ್ಲೇ ಇದ್ದೀರಿ, ಮುಖ ನೋಡಿದ್ರೆ ಗೊತ್ತಾಗುತ್ತೆ. ಅದರಲ್ಲಿ ಗಾಡಿ ಕುಣಿಯುತ್ತೆ, ಬ್ರೇಕ್ ಹಿಡಿತ ಕಮ್ಮಿ, ಗುಂಡಿಗೆ ಬಿದ್ರೆ ಸೈಡ್‌ವಾಲಲ್ಲಿ ಗುಳ್ಳೆ ಏಳುತ್ತೆ. ಗುಳ್ಳೆ ಎದ್ದ ಟೈರ್ ಒಂದು ದಿನಾನೂ ಓಡಿಸ್ಬೇಡಿ.

ಕಬ್ಬಿನ ಟ್ರ್ಯಾಕ್ಟರ್ ಇರೋರು ಕೈ ಎತ್ತಿ. ನಿಮ್ಮ ಲೆಕ್ಕ ಪೂರ್ತಿ ಬೇರೆ. ಗದ್ದೇಲಿ ದೊಡ್ಡ ಚಕ್ರಕ್ಕೆ ಗಾಳಿ ಕಮ್ಮಿ ಇದ್ರೇನೇ ಒಳ್ಳೇದು, ಅಗಲವಾಗಿ ಕೂತು ಹೂತ್ಕೊಳಲ್ಲ, ಎಳೆಯೋ ಶಕ್ತಿ ಬರುತ್ತೆ, ತೂಕಕ್ಕೆ ಟೈರೊಳಗೆ ನೀರು ತುಂಬ್ಸೋದೂ ಇದೆ. ಅದೇ ಗಾಡಿ ಸೀದಾ ಗದ್ದೆಯಿಂದ ಎದ್ದು ಬಂದು ಟ್ರೈಲರ್ ತುಂಬಾ ಕಬ್ಬು ಹೇರ್ಕೊಂಡು ಟಾರ್ ರೋಡಲ್ಲಿ ಫ್ಯಾಕ್ಟರಿಗೆ ಹೋಗೋವಾಗ ಗಾಳಿ ಗದ್ದೆಯಲ್ಲಿದ್ದಷ್ಟೇ ಇರುತ್ತೆ. ಟ್ರೈಲರ್ ಟೈರ್ ನೋಡೋರಂತೂ ಯಾರೂ ಇಲ್ಲ, ಅದು ಯಾವ ಗಾಡಿ ಬಿಚ್ಚಿ ಹಾಕಿದ ಹಳೇ ಟೈರೋ ದೇವ್ರಿಗೇ ಗೊತ್ತು. ಇದರ ಬಗ್ಗೆ ಬೇರೆ ದಿನ ಮಾತಾಡ್ಬೇಕು, ಇವತ್ತು ಬಿಡಿ.

ಚೆಕ್ ಮಾಡೋದು ತಣ್ಣಗಿದ್ದಾಗ. ಗಾಡಿ ನಿಂತು ಮೂರು ಗಂಟೆ ಆಗಿರ್ಬೇಕು, ಇಲ್ಲಾ ಒಂದೂವರೆ ಕಿಲೋಮೀಟರ್ ಒಳಗೆ ಮೆಲ್ಲಗೆ ಓಡ್ಸಿರ್ಬೇಕು. ಬೆಳಗ್ಗೆ ಹೋಗ್ಬೇಕು ಅಂದ್ರೆ ಅದೇ ಕಾರಣ. ಏನೂ ಆಗದ ಒಳ್ಳೇ ಟೈರಲ್ಲೂ ತಿಂಗಳಿಗೆ ಒಂದೆರಡು ಪಾಯಿಂಟ್ ತಾನಾಗೇ ಹೋಗುತ್ತೆ, ಹಾಗಾಗಿ ಮನೆ ಕಾರಾದ್ರೆ ಹದಿನೈದು ದಿನಕ್ಕೆ, ಬಾಡಿಗೆ ಗಾಡಿಯಾದ್ರೆ ವಾರಕ್ಕೊಂದ್ಸಲ. ನಾಲ್ಕೈದು ನೂರು ರೂಪಾಯಿ ಒಳಗೆ ಒಂದು ಗೇಜ್ ತಗೊಂಡು ಡ್ಯಾಶ್‌ಬೋರ್ಡಲ್ಲಿ ಇಟ್ಕೊಳಿ, ಅಂಗಡಿ ಪೈಪಿನ ಗೇಜು ನೆಲಕ್ಕೆ ಬಿದ್ದು ಬಿದ್ದು ಎಷ್ಟು ತೋರ್ಸುತ್ತೋ ಅದಕ್ಕೇ ಗೊತ್ತಿರಲ್ಲ, ನನ್ನ ಅಂಗಡೀದೂ ಸೇರ್ಸಿ ಹೇಳ್ತಿದ್ದೀನಿ. ಒಂದೇ ಟೈರಲ್ಲಿ ಪದೇ ಪದೇ ಇಳೀತಿದ್ರೆ ವಾಲ್ವ್ ಬಾಯಿಗೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಬಂದ್ರೆ ಪಿನ್ ಹೋಗಿದೆ. ವಾಲ್ವ್ ಕ್ಯಾಪ್ ಕಳ್ಕೊಂಡು ಓಡಾಡ್ಬೇಡಿ, ಧೂಳು ಒಳಗೆ ಹೋಗೋದು ಅಲ್ಲಿಂದಲೇ. ಹೊಸ ಟೈರ್ ಹಾಕ್ಸೋವಾಗ ರಬ್ಬರ್ ವಾಲ್ವೂ ಹೊಸದು ಹಾಕ್ಸಿ.

ನೈಟ್ರೋಜನ್ ಬಗ್ಗೆ ಯಾರಾದ್ರೂ ಕೇಳೇ ಕೇಳ್ತೀರಿ. ನಾವು ಉಸಿರಾಡೋ ಗಾಳೀಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಅಂಗಡೀಲಿ ಹೊಡೆಯೋ ನೈಟ್ರೋಜನ್ನಲ್ಲಿ ತೇವ ಇರಲ್ಲ, ಸ್ವಲ್ಪ ನಿಧಾನಕ್ಕೆ ಇಳಿಯುತ್ತೆ, ಒಳ್ಳೇದೇ. ಆದ್ರೆ ಬಿಸಿಗೆ ಏರೋದು ಹೆಚ್ಚುಕಮ್ಮಿ ಅಷ್ಟೇ. ಹಸಿರು ಕ್ಯಾಪ್ ಹಾಕಿಸ್ಕೊಂಡು ಮೂರು ತಿಂಗಳು ಗೇಜ್ ಮುಟ್ಟದೇ ಇರೋದಕ್ಕಿಂತ ಮಾಮೂಲಿ ಗಾಳಿ ವಾರ ವಾರ ನೋಡೋದು ಮೇಲು. ಹೈವೇಲಿ ನೈಟ್ರೋಜನ್ ಸಿಗ್ಲಿಲ್ಲ ಅಂತ ಕಮ್ಮಿ ಗಾಳೀಲಿ ಬರ್ಬೇಡಿ, ಮಾಮೂಲಿ ಗಾಳಿ ಸೇರ್ಸಿ ಹೊಡಿಸ್ಕೊಳಿ, ಏನೂ ಆಗಲ್ಲ.

ಎಲ್ಲ ಸರಿ ಇದ್ರೂ ಮೊಳೆ, ಕಬ್ಬಿಣ ಸಿಕ್ಕಿ ಒಡೆದ್ರೆ? ಕಾಲು ಬ್ರೇಕ್ ಮೇಲೆ ಹೋಗ್ಬಾರ್ದು, ಕಷ್ಟ, ಆದ್ರೂ ಹೋಗ್ಬಾರ್ದು. ಎರಡೂ ಕೈಯಲ್ಲಿ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಗಾಡೀನ ನೇರಕ್ಕೆ ಇಟ್ಕೊಳಿ, ಅದು ಒಂದು ಕಡೆ ಎಳೆಯುತ್ತೆ, ಎಳೆದ ತಕ್ಷಣ ಜೋರಾಗಿ ಇನ್ನೊಂದು ಕಡೆ ತಿರುಗಿಸಿದ್ರೇನೇ ಪಲ್ಟಿ. ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ, ಸ್ಪೀಡ್ ತಾನಾಗೇ ಇಳೀಲಿ, ಆಮೇಲೆ ಇಂಡಿಕೇಟರ್ ಹಾಕಿ ಎಡಕ್ಕೆ ತನ್ನಿ. ಎಕ್ಸ್‌ಪ್ರೆಸ್‌ವೇಲಿ ಆದ್ರೆ ಜನರನ್ನೆಲ್ಲ ಕಂಬಿ ಆಚೆ ನಿಲ್ಸಿ, ತ್ರಿಕೋನದ ರಿಫ್ಲೆಕ್ಟರ್ ದೂರದಲ್ಲಿ ಹಿಂದೆ ಇಡಿ, ಹೈವೇ ಸಹಾಯವಾಣಿ 1033ಗೆ ಫೋನ್ ಮಾಡಿ. ರೋಡ್ ಬದಿಗೆ ಬೆನ್ನು ಕೊಟ್ಟು ಜಾಕ್ ಹಾಕೋಕೆ ಕೂತೋರಿಗೆ ಹಿಂದಿನಿಂದ ಬಂದು ಗುದ್ದಿರೋದು ಎಷ್ಟೋ ಇದೆ.

ಸ್ಟೆಪ್ನಿ ಗಾಳಿ ಯಾರೂ ನೋಡಲ್ಲ, ಬೇಕಾದಾಗ ತೆಗೆದ್ರೆ ಅದೂ ಮೆತ್ತಗೆ. ಫುಲ್ ಲೋಡಿನ ನಂಬರ್‌ವರೆಗೂ ತುಂಬಿಸಿ ಇಡಿ, ಬೇಕಾದಾಗ ಇಳಿಸ್ಬೋದು, ರೋಡಲ್ಲಿ ತುಂಬ್ಸೋಕಾಗಲ್ಲ. ಸಣ್ಣ ಸೈಜಿನ ಸ್ಟೆಪ್ನಿ ಇದ್ರೆ 80 ದಾಟ್ಬೇಡಿ ಅಂತ ಅದರ ಮೇಲೇ ಸ್ಟಿಕರ್ ಇರುತ್ತೆ, ಪಂಚರ್ ಹಾಕ್ಸೋವರೆಗೆ ಮಾತ್ರ ಅದು. ಬೈಕಿನೋರು ಹಿಂದಿನ ಟೈರ್ ನೋಡಿ, ಒಬ್ರೇ ಇದ್ರೆ ಒಂದು ಲೆಕ್ಕ, ಹಿಂದೆ ಒಬ್ರು ಕೂತ್ರೆ ಇನ್ನೊಂದು ಲೆಕ್ಕ, ಚೈನ್ ಕವರ್ ಮೇಲೋ ಮ್ಯಾನ್ಯುಯಲಲ್ಲೋ ಇರುತ್ತೆ.

ಹಿಂದಿನ ಸಾಲಿಂದ ಒಬ್ರು ಕೇಳ್ತಿದ್ದಾರೆ, ಪಂಪಲ್ಲಿ ಗಾಳಿಗೆ ದುಡ್ಡು ಕೇಳ್ತಾರಲ್ಲ ಸಾರ್ ಅಂತ. ಪೆಟ್ರೋಲ್ ಬಂಕಲ್ಲಿ ಮಾಮೂಲಿ ಗಾಳಿ ಫ್ರೀ ಕೊಡ್ಲೇಬೇಕು, ಕುಡಿಯೋ ನೀರು, ಟಾಯ್ಲೆಟ್ ಥರಾನೇ ಅದೂ ಅವರ ನಿಯಮದಲ್ಲಿದೆ, ಪೆಟ್ರೋಲ್ ಹಾಕ್ಸದೇ ಇದ್ರೂ. ಹೊಡೆಯೋ ಹುಡುಗನಿಗೆ ಹತ್ತು ರೂಪಾಯಿ ಕೊಡೋದು ನಿಮ್ಮಿಷ್ಟ, ಬಿಸಿಲಲ್ಲಿ ನಾಲ್ಕು ಚಕ್ರಕ್ಕೂ ಬಗ್ಗಿ ಎದ್ದಿರ್ತಾನೆ. ಮೆಷಿನ್ ಕೆಟ್ಟಿದೆ ಅಂದ್ರೆ ಕಂಪ್ಲೇಂಟ್ ಬುಕ್ ಕೇಳಿ, ತುಂಬಾ ಸಲ ಮೆಷಿನ್ ಅಲ್ಲೇ ಸರಿ ಹೋಗುತ್ತೆ. ಗಾಳಿ ಹೊಡೆಯೋವಾಗ ಗಾಡಿ ಒಳಗೆ ಕೂತು ಫೋನ್ ನೋಡ್ಬೇಡಿ, ಕೆಳಗಿಳಿದು ಪಕ್ಕ ನಿಂತ್ಕೊಳಿ, "ಎಷ್ಟು ಹೊಡೀಲಿ" ಅಂತ ಅವನು ಕೇಳೋ ಮುಂಚೆ ಸ್ಟಿಕರ್ ನಂಬರ್ ನೀವೇ ಹೇಳಿ. ಈಗ ಹೊರಗೆ ಬನ್ನಿ, ಗೇಜ್ ತಂದಿದ್ದೀನಿ, ಎಲ್ರ ಗಾಡೀನೂ ನೋಡೋಣ, ಬಂದು ಎರಡು ಗಂಟೆ ಮೇಲಾಗಿದೆ, ಹತ್ರದಿಂದ ಬಂದೋರದ್ದು ಇಷ್ಟೊತ್ತಿಗೆ ತಣ್ಣಗಾಗಿರುತ್ತೆ, ದೂರದಿಂದ ಬಂದೋರು ಇನ್ನೊಂದು ಗಂಟೆ ಬಿಟ್ಟು ಕೊನೇಲಿ ಬನ್ನಿ.